ಆಕೆಗೆ ಏನೂ ಆಗುವುದಿಲ್ಲ

ನಾನು ದೇವಿ ಹಾಕಿದ ಮೊದಲ ತೋಳು ಆಕೆಯದು. ಹಾಕಿದ ದೇವಿ ಏಳಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಸಿಡುಬನ್ನು ದೇಶದಿಂದಲೇ ಓಡಿಸಬೇಕೆಂದು ಸರ್ಕಾರ ಊರೂರಿಗೆ ಲಸಿಕೆ ಹಾಕುವವರನ್ನು ನೇಮಿಸಿಕೊಳ್ಳುತ್ತಿತ್ತು. ನಮ್ಮ ವಿಜಾಪುರದ ಕಡೆ ಸಿಡುಬಿಗೆ ದೇವಿ ಎನ್ನುತ್ತಾರೆ. ಅದರ ಲಸಿಕೆ ಹಾಕುವುದಕ್ಕೂ ದೇವಿ ಹಾಕುವುದು ಎಂದೇ ಹೆಸರು. ಇಪ್ಪತ್ತೆರಡು ವರ್ಷದ ನಾನು ಆ ಕೆಲಸಕ್ಕೆ ಸೇರಿದೆ. ಕೆಲಸ ಕಾಯಂ ಆಗಿರಲಿಲ್ಲ. ಕೋಟೆಗೋಡೆಯ ಆಚೆ, ಜಾಲಿಗಿಡಗಳ ನಡುವೆ, ಅಂಟುರೋಗದವರನ್ನು ಇಡುವ ತಗಡಿನ ಮಾಡಿನ ಒಂದು ವಾರ್ಡು ಇತ್ತು. ಕೈ ಪಳಗಲಿ ಎಂದು ನನ್ನನ್ನು ಮೊದಲು ಅಲ್ಲಿಗೆ ಕಳಿಸಿದರು. ಅಲ್ಲಿಯ ಆಯಾ ತಾನಾಗಿಯೇ ಕುಪ್ಪಸದ ತೋಳು ಮೇಲೆ ಸರಿಸಿ ಮುಂದೆ ಬಂದಳು.

“ಹಾಕ್ರಿ ಸಾಹೇಬ್ರ. ನನ್ನ ಮ್ಯಾಲ ಕಲೀರಿ. ನನಗೇನೂ ಆಗೂದಿಲ್ಲ.”

ಲಸಿಕೆಯ ಹನಿ ಹಚ್ಚಿ, ಅದರ ಮೇಲೆ ಹಲ್ಲಿರುವ ಸಣ್ಣ ಬಿಲ್ಲೆಯನ್ನು ಒತ್ತಿ ತಿರುಗಿಸಬೇಕು. ಬಿಲ್ಲೆ ಎರಡು ಸಲ ಜಾರಿತು. ಆಕೆ ಇನ್ನೊಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಮೂರನೆಯ ದಿನ ಹೋಗಿ ನೋಡಿದರೆ ಸೊಳ್ಳೆ ಕಚ್ಚಿದಷ್ಟು ಕೆಂಪು. ಐದನೆಯ ದಿನಕ್ಕೆ ಅದೂ ಇಲ್ಲ. ಆಕೆಯ ನಂತರ ಹಾಕಿಸಿಕೊಂಡ ಕೂಸುಗಳ ತೋಳಿನ ಮೇಲೆ ಎಂಟನೆಯ ದಿನಕ್ಕೆ ತುಂಬಿದ ಗುಳ್ಳೆ ಎದ್ದು ನಿಂತಿತ್ತು. ಆಕೆಯದನ್ನು ಕೆಡಿಸಿದೆನೆಂದು ಹೆದರಿ ವಾರ್ಡಿನ ಡಾಕ್ಟರರ ಮುಂದೆ ನಿಂತೆ. ಅವರು ಧಾರವಾಡದ ಕಡೆಯ ಹಿರಿಯರು. ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ.

“ನಿನ್ನ ಕೈ ಬರೋಬ್ಬರಿ ಐತಿ ತಮ್ಮಾ,” ಎಂದರು. “ಆಕಿ ರಕ್ತಕ್ಕ ಈ ಬ್ಯಾನಿ ಗುರ್ತು ಐತಿ. ಮೊದಲನೇ ಸಲ ಬಂದಾಗ ಮೈಗೆ ಗೊತ್ತಿರೂದಿಲ್ಲ. ಅದಕ್ಕ ಎದುರು ನಿಲ್ಲೂ ಆಂಟಿಬಾಡಿ ರಕ್ತದಾಗ ತಯಾರಾಗಾಕ ಎಂಟು ಹತ್ತು ದಿನಾ ಬೇಕು. ಅಷ್ಟರಾಗ ಮನಷ್ಯಾ ಉಳದ್ರ ಉಳದ, ಇಲ್ಲಾಂದ್ರ ಇಲ್ಲ. ಉಳದವನ ಮೈ ಮಾತ್ರ ಅದನ್ನ ಮರಿಯೂದಿಲ್ಲ. ಎರಡನೇ ಸಲ ಬಂತಂದ್ರ ಎರಡು ದಿನದಾಗ ಹೊಡದು ಹಾಕತೈತಿ. ನೀ ಹಾಕಿದ್ದನ್ನೂ ಹಂಗಽ ಹೊಡದು ಹಾಕೇತಿ.”

“ಹಂಗಾದ್ರ ಆಕಿಗೆ ಯಾವ ರೋಗಾನೂ ಬರೂದಿಲ್ಲೇನ್ರಿ?”

“ಯಾರು ಹೇಳಿದ್ರು? ಸಿಂಪಿಗ ನಿನ್ನ ಅಳತಿಗೆ ಹೊಲದ ಅಂಗಿ ನನಗ ಬರತೈತೇನು? ದೇವಿಗಂತ ಆಗಿದ್ದು ದೇವಿಗಷ್ಟಽ.”

ಈ ಎರಡನೆಯ ಮಾತನ್ನು ಊರಲ್ಲಿ ಯಾರೂ ಕೇಳಿಸಿಕೊಂಡಿರಲಿಲ್ಲ. ದವಾಖಾನೆಯ ಕಚೇರಿಯಿಂದ ಹಿಡಿದು ಟಾಂಗಾ ಹೊಡೆಯುವವರ ತನಕ ಎಲ್ಲರೂ ಆಕೆಯ ಬಗ್ಗೆ ಹೇಳುತ್ತಿದ್ದುದು ಒಂದೇ: ಆಕೆಗೆ ಏನೂ ಆಗುವುದಿಲ್ಲ.

ಹೋದ ತಿಂಗಳು ಬಬಲೇಶ್ವರದಿಂದ ಬಂದವರೊಬ್ಬರು ಆಕೆ ತೀರಿಕೊಂಡ ಸುದ್ದಿ ಹೇಳಿದರು. ತುಂಬ ವಯಸ್ಸಾಗಿತ್ತು. ನಾಲ್ಕು ದಿನ ಉಣ್ಣಲಿಲ್ಲವಂತೆ, ಐದನೆಯ ದಿನ ಇಲ್ಲವಂತೆ. ಹೇಳಿದವರು ಟೀ ಕುಡಿದು ಹೋದರು. ನಾನು ಅಂದಿನಿಂದ ಆಕೆಯನ್ನೇ ನೆನೆಯುತ್ತಿದ್ದೇನೆ. ಆಕೆಗೆ ಹೇಳದೆ ಉಳಿದ ಮಾತೊಂದಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಕೆ ಬಬಲೇಶ್ವರದ ಕಡೆಯವಳು. ಒಂಬತ್ತು ವರ್ಷದವಳಿದ್ದಾಗ ಮನೆಯ ಮೂವರು ಹೆಣ್ಣುಮಕ್ಕಳಿಗೂ ದೇವಿ ಬಂದಿತ್ತು. ಇಬ್ಬರು ತಂಗಿಯರು ಹೋದರು, ಈಕೆ ಉಳಿದಳು. ಮುಖದ ತುಂಬ ಕುಳಿ, ಎಡಗಣ್ಣಿನಲ್ಲಿ ಬಿಳಿ ಪೊರೆ. ಬಲಗಣ್ಣಿನಿಂದ ನೋಡಲು ಯಾವಾಗಲೂ ಕತ್ತು ಸ್ವಲ್ಪ ಓರೆ ಮಾಡುತ್ತಿದ್ದಳು. ಮಾತಾಡುವಾಗ ಎದುರಿಗೆ ನಿಲ್ಲುತ್ತಿರಲಿಲ್ಲ, ಪಕ್ಕಕ್ಕೆ ತಿರುಗಿ ನಿಲ್ಲುತ್ತಿದ್ದಳು. ತನ್ನ ಉಸಿರು ಬೇರೆಯವರಿಗೆ ತಾಗದಿರಲಿ ಎಂಬ ರೂಢಿ ಅದು. ಗಂಡ ಸೊಲ್ಲಾಪುರದ ಗಿರಣಿಗೆ ಹೋದವನು ತಿರುಗಿ ಬಂದಿರಲಿಲ್ಲ. ಐವತ್ತರ ದಶಕದ ಕೊನೆಗೆ ದೇವಿ ಜೋರಾಗಿ, ವಾರ್ಡಿನೊಳಗೆ ಹೋಗಲು ಆಳು ಸಿಗದಿದ್ದಾಗ, ರಸ್ತೆಯ ಕೆಲಸದಲ್ಲಿ ಕಲ್ಲು ಹೊರುತ್ತಿದ್ದ ಆಕೆಯನ್ನು ಯಾರೋ ನೋಡಿ ಕರೆತಂದರು.

“ಮಾರಿ ನೋಡಿ ನೌಕರಿ ಕೊಟ್ಟಾರ ನೋಡ್ರಿ,” ಎನ್ನುತ್ತಿದ್ದಳು. “ನನ್ನ ಮಾರಿಯಿಂದ ಸಿಕ್ಕದ್ದು ಇದೊಂದಽ.”

ಅದೇ ವರ್ಷಗಳಲ್ಲಿ ಆಕೆಯ ಅಣ್ಣ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದ, ಅವನ ಜೊತೆ ಈಕೆಯೂ. ರೋಗಿಗಳ ಕಡೆಯವರು ತಾಯಿ ಬಂದಿದ್ದಾಳೆ ಎಂದು ಹೊರಗೆ ಬೇವಿನ ಸೊಪ್ಪು ಕಟ್ಟಿ ಕೈ ಮುಗಿದರೆ ಬೇಡ ಎನ್ನುತ್ತಿರಲಿಲ್ಲ. ನನ್ನ ಹತ್ತಿರ ಮಾತ್ರ ಒಮ್ಮೆ ಹೇಳಿದಳು: “ತಾಯಿ ಆಗಿದ್ರ ನನ್ನ ತಂಗಿಗೋಳನ್ನ ಬಿಡತಿದ್ಲು.”

ಹೊಸ ರೋಗಿ ಬಂದರೆ ಆಕೆ ಮೊದಲು ಅಂಗೈ ಬಿಡಿಸಿ ನೋಡುತ್ತಿದ್ದಳು. ಭವಿಷ್ಯ ನೋಡುತ್ತಾಳೆಂದು ಕೆಲವರು ತಿಳಿದಿದ್ದರು. ದೇವಿಯಾದರೆ ಅಂಗೈಯಲ್ಲೂ ಅಂಗಾಲಲ್ಲೂ ಗುಳ್ಳೆ ಇರುತ್ತವೆ, ಎಲ್ಲವೂ ಒಂದೇ ಬಾರಿಗೆ ಎದ್ದು ಒಂದೇ ಬಾರಿಗೆ ಹಣ್ಣಾಗುತ್ತವೆ. ನಮಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ಆಕೆ ನೋಡಿ ನೋಡಿಯೇ ಕಲಿತಿದ್ದಳು.

ವಾರ್ಡಿನ ಹಿಂದೆ ಒಂದು ಕೋಣೆ ಕೊಟ್ಟಿದ್ದರು. ಅಲ್ಲೇ ಇರಬೇಕೆಂಬ ನಿಯಮವಿರಲಿಲ್ಲ, ಆದರೆ ಪೇಟೆಯಲ್ಲಿ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಕಿರಾಣಿ ಅಂಗಡಿಯವನು ಸಾಮಾನನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋಗುತ್ತಿದ್ದ. ಅಣ್ಣನ ಮಗಳ ಮದುವೆಗೆ ಕೊಡಲೆಂದು ಆಕೆ ಇಳಕಲ್ ಸೀರೆ ತಂದಿಟ್ಟುಕೊಂಡಿದ್ದಳು. ಮದುವೆಯ ಹಿಂದಿನ ದಿನ ಅಣ್ಣನೇ ಬಂದು, ಅಂಗಳದಾಚೆ ನಿಂತು, “ನೀ ಬರಬ್ಯಾಡವಾ, ಬೀಗರು ಅಂಜತಾರ,” ಎಂದು ಹೇಳಿ ಸೀರೆ ತೆಗೆದುಕೊಂಡು ಹೋದ. ಆಕೆ ಆ ದಿನವೆಲ್ಲ ರೋಗಿಗಳ ಹಾಸಿಗೆಯ ಬಟ್ಟೆಗಳನ್ನು ಕುದಿಸಿದಳು. ಕುದಿಸಿದ್ದನ್ನೇ ಮತ್ತೊಮ್ಮೆ ಕುದಿಸಿದಳು.

ಒಂದು ಬೇಸಿಗೆಯಲ್ಲಿ ತಿಕೋಟಾದ ದೊಡ್ಡ ಮನೆಯೊಂದರ ಯಜಮಾನತಿ ಸವಾರಿ ಗಾಡಿಯಲ್ಲಿ ವಾರ್ಡಿನ ಹಿಂದಕ್ಕೆ ಬಂದಳು. ಮಗಳಿಗೆ ಜ್ವರ, ಮೈಮೇಲೆ ಗುಳ್ಳೆ. ಮುಂದಿನ ತಿಂಗಳು ಆ ಹುಡುಗಿಯ ಮದುವೆ. ದೇವಿ ಎಂದು ಗೊತ್ತಾದರೆ ಗಂಡಿನ ಕಡೆಯವರು ಹಿಂದೆ ಸರಿಯುತ್ತಾರೆ, ಸರ್ಕಾರದವರು ಹುಡುಗಿಯನ್ನು ಎತ್ತಿಕೊಂಡು ಬಂದು ಈ ತಗಡಿನ ಕೆಳಗೆ ಇಡುತ್ತಾರೆ. ಹುಡುಗಿ ಏಳುವ ತನಕ ಮನೆಯಲ್ಲೇ ಇದ್ದು ನೋಡಿಕೊಳ್ಳಬೇಕು, ಯಾರಿಗೂ ತಿಳಿಯಬಾರದು ಎಂದು ಆಯಾಳನ್ನು ಕೇಳಿಕೊಂಡಳು. ಆಕೆ ಅಣ್ಣನ ಮನೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ರಜೆ ತೆಗೆದುಕೊಂಡು ಹೋದಳು. ಯಾಕೆ ಹೋದೆ ಎಂದು ಆಮೇಲೆ ಕೇಳಿದ್ದಕ್ಕೆ ಹೇಳಿದ್ದು ಇಷ್ಟು:

“ಯಾವತ್ತೂ ನಾಕು ಮಾರು ದೂರ ನಿಂತು ಮಾತಾಡೂ ಮಂದಿರಿ. ಅವತ್ತು ಆ ತಾಯಿ ನನ್ನ ಮಗ್ಗಲಕ ಕಟ್ಟಿ ಮ್ಯಾಲ ಕುಂತ್ರು. ಕೈ ಹಿಡಕೊಂಡ್ರು. ಹ್ಯಾಂಗ ಒಲ್ಲೆ ಅನ್ನಲಿ?”

ಹಿತ್ತಲ ಕಡೆಯ ಕೋಣೆಯಲ್ಲಿ ಹುಡುಗಿಯ ಜೊತೆ ಆಕೆಯನ್ನು ಬಿಟ್ಟು ಹೊರಗಿನಿಂದ ಅಗುಳಿ ಹಾಕಿದರು. ಊಟ, ನೀರು ಬಾಗಿಲ ಸಂದಿಯಿಂದ ಬರುತ್ತಿತ್ತು. ಆಕೆ ಹುಡುಗಿಯ ಅಂಗೈ ಬಿಡಿಸಿ ನೋಡಿದಳು. ಅಂಗೈ ನುಣ್ಣಗಿತ್ತು. ಗುಳ್ಳೆಗಳೆಲ್ಲ ಎದೆ ಹೊಟ್ಟೆಯ ಮೇಲೆ ದಟ್ಟವಾಗಿದ್ದವು. ಒಂದರ ಪಕ್ಕದಲ್ಲಿ ಒಂದು, ಕೆಲವು ಈಗಷ್ಟೇ ಎದ್ದವು, ಕೆಲವು ನೀರು ತುಂಬಿದವು, ಕೆಲವು ಆಗಲೇ ಒಣಗಿದವು. ಅದು ದೇವಿಯಲ್ಲ, ಗಣಜಿಲಿ. ಪುಸ್ತಕದಲ್ಲಿ ಸೀತಾಳೆ ಸಿಡುಬು ಎಂದು ಬರೆಯುತ್ತಾರಲ್ಲ, ಅದು. ಹುಡುಗಿ ಹತ್ತು ದಿನದಲ್ಲಿ ಎದ್ದು ಓಡಾಡುತ್ತಾಳೆ. ಆದರೆ ಆಕೆಗೆ ಗಣಜಿಲಿ ಎಂದೂ ಬಂದಿರಲಿಲ್ಲ.

ಬಾಗಿಲಿಗೆ ಬಾಯಿ ಹಚ್ಚಿ ಹೇಳಿದಳಂತೆ: “ಅವ್ವಾರ, ಇದು ದೇವಿ ಅಲ್ಲ. ಹುಡುಗಿ ಹುಷಾರಾಗತಾಳ. ಇದು ನನಗ ಬಂದಿಲ್ರಿ. ಬಾಗಿಲಾ ತಗೀರಿ.”

ಆಚೆಯಿಂದ ಉತ್ತರ ಬಂತಂತೆ: “ನಿನಗ ಏನೂ ಆಗೂದಿಲ್ಲ ಅಂತನಽ ಕರಕೊಂಡು ಬಂದೇವಿ. ಸುಮ್ಮನಿರು.”

ಐದನೆಯ ದಿನ ನಾನು ಲಸಿಕೆ ಹಾಕಲು ತಿಕೋಟಾಕ್ಕೆ ಹೋದೆ. ಆ ದೊಡ್ಡ ಮನೆಯವರು ತಮಗೆಲ್ಲ ಆಗಿದೆ ಎಂದು ಬಾಗಿಲಲ್ಲೇ ಕಳಿಸಿದರು. ಮುಂದಿನ ಓಣಿಗೆ ಹಿತ್ತಲ ದಾರಿಯಿಂದ ನಡೆದಿದ್ದೆ.

“ಸಾಹೇಬ್ರ.”

ಕಬ್ಬಿಣದ ಸರಳಿನ ಕಿಟಕಿಯ ಹಿಂದೆ ಓರೆಯಾದ ಆ ಮುಖ. ನನಗೆ ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು.

“ಈ ಹುಡುಗಿನ್ನ ನೋಡ್ರಿ,” ಎಂದು ಆಕೆ ಆ ಹದಿನೆಂಟರ ಹುಡುಗಿಯನ್ನು ಬೆಳಕಿಗೆ ಕರೆದು ಕೈ ತೋರಿಸಿದಳು. “ಗಣಜಿಲಿ ಐತಿ. ಹೌದಲ್ರಿ? ಹೇಳಿದ್ರ ನಂಬವಲ್ಲರು. ನೀವು ಹೇಳ್ರಿ. ಡಾಕ್ಟರಿಗೆ ಹೇಳ್ರಿ. ನನ್ನ ಹೊರಗ ತಗಸ್ರಿ.”

“ಹೇಳ್ತೇನಿ,” ಎಂದೆ.

ಓಣಿಯ ತಿರುವಿನಲ್ಲಿ ಆ ಮನೆಯ ಯಜಮಾನರು ನಿಂತಿದ್ದರು. ನನ್ನನ್ನು ನೋಡಿ ನಕ್ಕರು. ಹೆಗಲ ಮೇಲೆ ಕೈಯಿಟ್ಟರು.

“ನಿಂದು ಇನ್ನ ಕಾಯಂ ಆಗಿಲ್ಲಂತಲ್ಲ ತಮ್ಮಾ? ಮ್ಯಾಲಿನವರು ನಮ್ಮ ಮನಿಗೆ ಬಂದು ಹೋಗಿ ಮಾಡತಾರ. ಹೇಳೋಣಂತ. ಹಿತ್ತಲದಾಗ ನೀ ಏನೂ ನೋಡಿಲ್ಲ.”

ನಾನು ಸಂಜೆಯ ಬಸ್ಸಿಗೆ ವಿಜಾಪುರಕ್ಕೆ ಬಂದೆ. ಡಾಕ್ಟರರು ಊರಲ್ಲೇ ಇದ್ದರು. ಮರುದಿನ ಹೇಳಬೇಕೆಂದುಕೊಂಡೆ. ಮರುದಿನ ಅವರ ಕೋಣೆಯ ತನಕ ಹೋಗಿ, ಲಸಿಕೆಯ ಥರ್ಮಾಸು ತೆಗೆದುಕೊಂಡು, ಏನೂ ಹೇಳದೆ ಬಬಲೇಶ್ವರದ ಬಸ್ಸು ಹತ್ತಿದೆ. ಹೀಗೆ ಹನ್ನೊಂದು ದಿನ. ಮನೆಯಲ್ಲಿ ಅಪ್ಪ ಇರಲಿಲ್ಲ, ಇಬ್ಬರು ತಂಗಿಯರಿದ್ದರು, ಕೆಲಸ ಹೋದರೆ ಗತಿಯಿರಲಿಲ್ಲ. ಇವೆಲ್ಲ ನಿಜ. ಆದರೆ ಆ ಹನ್ನೊಂದು ದಿನ ನಾನು ನನಗೆ ಹೇಳಿಕೊಳ್ಳುತ್ತಿದ್ದುದು ಬೇರೆಯೇ ಮಾತು. ಊರೆಲ್ಲ ಹೇಳುತ್ತಿದ್ದ ಮಾತನ್ನೇ ನಾನೂ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳೆಂದು ಡಾಕ್ಟರರ ಬಾಯಿಂದಲೇ ಕೇಳಿದ್ದವನು ನಾನೊಬ್ಬನೇ.

ಹನ್ನೆರಡನೆಯ ದಿನ ವಾರ್ಡಿಗೆ ನಿಜವಾದ ದೇವಿಯ ರೋಗಿಯೊಬ್ಬ ಬಂದ. ಒಳಗೆ ಹೋಗುವವರಿಲ್ಲ. ಆಕೆಯನ್ನು ಕರೆತರಲು ಅಣ್ಣನ ಮನೆಗೆ ಆಳು ಕಳಿಸಿದರೆ ಅಲ್ಲಿಗೆ ಬಂದೇ ಇಲ್ಲ ಎಂದರು. ಡಾಕ್ಟರರು ಒಬ್ಬೊಬ್ಬರನ್ನೇ ಕೇಳುತ್ತ ನನ್ನ ಹತ್ತಿರ ಬಂದರು. ಹೇಳಿದೆ.

“ಯಾವಾಗ ನೋಡಿದಿ?”

“ಮೊನ್ನೆ ರೀ.”

ಅವರು ಜೀಪು ತರಿಸಿದರು. ಇಬ್ಬರು ಪೊಲೀಸರನ್ನೂ ಜೊತೆಗೆ ಕರೆದುಕೊಂಡರು. ಮಟಮಟ ಮಧ್ಯಾಹ್ನ. ಯಜಮಾನರು ಮಾತು ಬೆಳೆಸಲು ನೋಡಿದರು, ಡಾಕ್ಟರರು ನೇರ ಹಿತ್ತಲ ಕೋಣೆಗೆ ನಡೆದು ತಾವೇ ಅಗುಳಿ ಎಳೆದರು. ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಹುಡುಗಿ ಗುಣವಾಗಿದ್ದಳು, ನೆಲದ ಮೇಲೆ ಕೂತು ಆಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಆಕೆಯ ಹಳೆಯ ಕುಳಿಗಳ ನಡುವೆ ಹೊಸ ಗುಳ್ಳೆಗಳು ಎದ್ದಿದ್ದವು. ಕಣ್ಣು ಮುಚ್ಚಿತ್ತು, ಉಸಿರು ಗೊರಗುಟ್ಟುತ್ತಿತ್ತು.

“ಮೊನ್ನಿಯಿಂದ ಕೂಗಾಕತ್ತೇನ್ರಿ,” ಎಂದಳು ಹುಡುಗಿ. “ಯಾರೂ ತಗೀವಲ್ಲರು. ಒಂದು ತಂಬಿಗಿ ನೀರು ಬರತೈತಿ, ಇಬ್ಬರಿಗೂ ಅದಽ.”

ಬರಬಾರದವಳಿಗೆ ಬಂತೆಂದರೆ ಇದು ದೇವಿಗಿಂತ ಕೆಟ್ಟದ್ದೇ ಇರಬೇಕೆಂದು ಮನೆಯವರು ಇನ್ನಷ್ಟು ಹೆದರಿ ಬಾಗಿಲು ಗಟ್ಟಿ ಮಾಡಿದ್ದರು. ಯಜಮಾನತಿ ಗೋಡೆಗೆ ಒರಗಿ ನಿಂತಿದ್ದಳು. “ಆಕಿಗೆ ಏನೂ ಆಗೂದಿಲ್ಲ ಅಂತ ಹೇಳಿದ್ರು ರೀ,” ಎಂದು ಅದನ್ನೇ ಮತ್ತೆ ಮತ್ತೆ ಅನ್ನುತ್ತಿದ್ದಳು. ಆಕೆಯನ್ನು ಜೀಪಿಗೆ ಎತ್ತುವಾಗ ಹುಡುಗಿಯೊಬ್ಬಳೇ ಹೊರಗೆ ಬಂದು ಕಾಲಿನ ಕಡೆ ಹಿಡಿದು ಎತ್ತಿಕೊಟ್ಟಳು.

ಆಕೆಯನ್ನು ಆಕೆಯದೇ ವಾರ್ಡಿನಲ್ಲಿ, ತಗಡಿನ ಗೋಡೆಯಿಂದ ಬೇರೆ ಮಾಡಿದ ಸಣ್ಣ ಕೋಣೆಯಲ್ಲಿ ಮಲಗಿಸಿದರು. ನೋಡಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ನನ್ನ ಹಣೆಯ ಮೇಲೆ ಚಿಕ್ಕಂದಿನ ಗಣಜಿಲಿಯ ಒಂದು ಗುಳಿ ಇದೆ. ಡಾಕ್ಟರರು ಅದನ್ನು ನೋಡಿದರು.

“ನಿನಗ ಬಂದು ಹೋಗೇತಲ್ಲ? ಹಂಗಾದ್ರ ನೀನಽ.”

ಹದಿನಾಲ್ಕು ದಿನ ನಾನು ಆಕೆಯ ಹತ್ತಿರ ಇದ್ದೆ. ದೊಡ್ಡವರಿಗೆ ಬಂದರೆ ಗಣಜಿಲಿ ಎದೆಗೆ ಇಳಿಯುತ್ತದೆ. ಎರಡು ದಿನ ಆಕೆ ಉಳಿಯುವ ಭರವಸೆ ಇರಲಿಲ್ಲ. ನಾನು ಬಟ್ಟೆ ಕುದಿಸಿದೆ, ಗಂಜಿ ಕುಡಿಸಿದೆ, ಬೆನ್ನು ಎತ್ತಿ ಕೂರಿಸಿದೆ. ಊಟದ ಡಬ್ಬಿ ತರುವವನು ಅದನ್ನು ಜಾಲಿಗಿಡದ ಬುಡದಲ್ಲಿಟ್ಟು ಕೂಗಿ ಹೋಗುತ್ತಿದ್ದ. ಅವ್ವ ತಂಗಿಯರನ್ನು ನನ್ನ ಹತ್ತಿರ ಬಿಡಲಿಲ್ಲ. ಹದಿನಾಲ್ಕೇ ದಿನಕ್ಕೆ ನನಗೆ ಆ ತಗಡಿನ ಮಾಡು ತಲೆಗೇ ತಾಗಿದಂತಾಗಿತ್ತು.

ಜ್ವರ ಇಳಿದ ದಿನ ಆಕೆ ಕತ್ತು ಓರೆ ಮಾಡಿ ನನ್ನನ್ನು ನೋಡಿದಳು.

“ನೀವು ಬರತೀರಿ ಅಂತ ನನಗ ಗೊತ್ತಿತ್ರಿ. ತಡಾ ಆತು, ಅಷ್ಟಽ.”

“ಡಾಕ್ಟರ್ ಊರಾಗ ಇರಲಿಲ್ಲ ಯಕ್ಕಾ,” ಎಂದೆ. ಆಕೆಯನ್ನು ಯಕ್ಕಾ ಎಂದು ಕರೆದದ್ದು ಅದೇ ಮೊದಲು, ಆಕೆಗೆ ಸುಳ್ಳು ಹೇಳಿದ್ದೂ ಅದೇ ಮೊದಲು.

“ಹೌದೇನ್ರಿ,” ಎಂದು ಕಣ್ಣು ಮುಚ್ಚಿದಳು.

ಎದ್ದ ಮೇಲೆ ಆಕೆಗೆ ಏದುಸಿರು ಉಳಿಯಿತು. ಬೇರೆ ವಾರ್ಡಿಗೆ ಹಾಕಬೇಕೆಂದು ಆಕೆ ಹೇಳಿದಂತೆ ನಾನು ಅರ್ಜಿ ಬರೆದೆ. ಹೆರಿಗೆ ವಾರ್ಡು ಸಿಕ್ಕರೆ ಒಳ್ಳೆಯದು, ಅಲ್ಲಿಂದ ಜನ ನಗುತ್ತ ಮನೆಗೆ ಹೋಗುತ್ತಾರೆ ಎಂದಿದ್ದಳು. ಕಚೇರಿಯ ಅಧಿಕಾರಿ ಅರ್ಜಿ ಓದಿ, “ಈಗಂತೂ ಆಕಿಗೆ ಎರಡೂ ಬಂದು ಹೋಗ್ಯಾವ. ಇಂಥಾಕಿ ಮತ್ತ ಎಲ್ಲಿ ಸಿಗತಾಳ?” ಎಂದು ಪಕ್ಕಕ್ಕಿಟ್ಟ. ಡಾಕ್ಟರರು ಆಕೆಯ ಪರವಾಗಿ ಬರೆದರು, ಅದೂ ಅಲ್ಲೇ ಉಳಿಯಿತು. ಹೀಗೆ ಮೂರು ಅರ್ಜಿ.

ಒಂದು ದಿನ ಆಕೆ ನನ್ನನ್ನು ಕೇಳಿದಳು: “ಸಾಹೇಬ್ರ, ದೇವಿ ಹಾಕಿಸಿಕೊಂಡವರ ರಕ್ತದಾಗೂ ಅದಕ್ಕ ಎದುರು ನಿಲ್ಲೂದು ಇರತೈತಂತ. ಖರೇನ?”

“ಖರೇ. ಹಾಕಿ ಎದ್ದಿತ್ತಂದ್ರ ಇರತೈತಿ.”

“ಹಂಗಾದ್ರ ಕಚೇರಿಯಾಗಿನ ಎಲ್ಲಾರೂ ಹಾಕಿಸಿಕೊಂಡಾರ. ಯಾರು ಬೇಕಾದ್ರೂ ಒಳಗ ಹೋಗಬಹುದು.”

“ಹೋಗಬಹುದು.”

“ಮತ್ತ ನಾನಽ ಯಾಕ?”

ನಾನು ಲಸಿಕೆಯ ಪೆಟ್ಟಿಗೆ ಮುಚ್ಚಿದೆ. ಮುಚ್ಚುವ ಅಗತ್ಯವೇನೂ ಇರಲಿಲ್ಲ.

ಆ ಮೇಲಿನ ವಾರದಿಂದ ಆಕೆ ತನ್ನ ರಜೆಯ ದಿನಗಳಲ್ಲಿ ನನ್ನ ಜೊತೆ ಹಳ್ಳಿಗಳಿಗೆ ಬರತೊಡಗಿದಳು. ಮಮದಾಪುರದಲ್ಲಿ ಕೆರೆಯ ದಂಡೆಯಲ್ಲಿ ಹೆಂಗಸರು ನಮ್ಮನ್ನು ಕಂಡು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಏಳುತ್ತಿದ್ದರು. ಆಕೆ ನಡುವೆ ಹೋಗಿ ನೆಲದ ಮೇಲೆ ಕೂತು ತಲೆಯ ಸೆರಗು ತೆಗೆಯುತ್ತಿದ್ದಳು. ಅಲ್ಲಿ ಮಾತ್ರ ಪಕ್ಕಕ್ಕೆ ತಿರುಗುತ್ತಿರಲಿಲ್ಲ. “ನನ್ನ ಮಾರಿ ಸರಿಯಾಗಿ ನೋಡ್ರಿ,” ಎನ್ನುತ್ತಿದ್ದಳು. “ತೋಳಿನ ಮ್ಯಾಲ ಒಂದು ಕಲಿ ಬೇಕೋ, ಮಾರಿ ತುಂಬ ಬೇಕೋ ನೀವಽ ಹೇಳ್ರಿ.” ಸುಮ್ಮನೆ ಕೂತಿರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಂದು ಕೂಸಿನ ತೋಳು ಸೆರಗಿನಿಂದ ಹೊರಗೆ ಬರುತ್ತಿತ್ತು. ಹಿಂದೆಯೇ ಇನ್ನೊಂದು. ಬಬಲೇಶ್ವರದ ಸಂತೆಯಲ್ಲಿ ಒಂದೇ ದಿನ ನನ್ನ ಲಸಿಕೆ ಮುಗಿದುಹೋದದ್ದುಂಟು.

ವಾರಕ್ಕೊಂದು ರಜೆ, ಅದನ್ನೂ ಯಾಕೆ ಹೀಗೆ ಸವೆಸುತ್ತೀ ಎಂದು ಕೇಳಿದೆ. ಆಕೆ ಏದುಸಿರು ಬಿಡುತ್ತ ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದಳು.

“ಎಲ್ಲಾರಿಗೂ ಹಾಕಿದ್ರ ವಾರ್ಡಿಗೆ ಯಾರೂ ಬರೂದಿಲ್ಲ. ಯಾರೂ ಬರಲಿಲ್ಲಂದ್ರ ನನ್ನ ಬಿಡತಾರ.”

ಅರವತ್ತರ ದಶಕದ ಕೊನೆಯ ಹೊತ್ತಿಗೆ ಒಂದು ಇಡೀ ಬೇಸಿಗೆ ಆ ವಾರ್ಡಿಗೆ ಒಬ್ಬ ದೇವಿಯ ರೋಗಿಯೂ ಬರಲಿಲ್ಲ. ಆಕೆಯನ್ನು ಬಿಡಲಿಲ್ಲ. ಹುದ್ದೆ ಆ ವಾರ್ಡಿನದು, ವಾರ್ಡು ಇರುವ ತನಕ ಆಕೆ ಅಲ್ಲೇ ಇರಬೇಕು. ಆಕೆ ಖಾಲಿ ಮಂಚಗಳ ನಡುವೆ ಬೆಳಿಗ್ಗೆಯಿಂದ ಸಂಜೆಯ ತನಕ ಕೂತಿರುತ್ತಿದ್ದಳು. ನಾನು ಹೋದಾಗಲೆಲ್ಲ, “ಯಾರೂ ಬಂದಿಲ್ರಿ,” ಎನ್ನುತ್ತಿದ್ದಳು. ಮೊದಲ ತಿಂಗಳು ಸಂತೋಷದಿಂದ ಹೇಳುತ್ತಿದ್ದ ಆ ಮಾತು ಆಮೇಲೆ ಬೇರೆ ದನಿಯಲ್ಲಿ ಬರತೊಡಗಿತು.

ಕೊನೆಗೂ ವರ್ಗಾವಣೆಯ ಹುಕುಂ ಬಂತು. ವಾಂತಿಭೇದಿ ವಾರ್ಡಿಗೆ. ಆಕೆಗೆ ಓದಲು ಬರುತ್ತಿರಲಿಲ್ಲ, ನನ್ನ ಕೈಯಿಂದ ಎರಡು ಸಲ ಓದಿಸಿದಳು. ಆ ರೋಗ ಒಮ್ಮೆ ಬಂದು ಹೋದವರಿಗೂ ಮತ್ತೆ ಬರುತ್ತದೆ ಎಂದು ನಾನು ಹೇಳಲಿಲ್ಲ, ಆಕೆ ಕೇಳಲೂ ಇಲ್ಲ. ಕಾಗದ ಮಡಿಸಿಕೊಂಡು ಕಚೇರಿಗೆ ನಡೆದು ಅಧಿಕಾರಿಯ ಮೇಜಿನ ಮೇಲೆ ಇಟ್ಟಳು.

“ನನ್ನ ಮೈಯಾಗ ಎರಡಕ್ಕ ಜಾಗಾ ಇತ್ರಿ. ಇನ್ನ ಇಲ್ಲ,” ಎಂದಳು. ಅಲ್ಲಿಂದಲೇ ಬಬಲೇಶ್ವರದ ಬಸ್ಸಿಗೆ ಹೋದಳು. ಹಿಂದಿನ ಕೋಣೆಯಲ್ಲಿದ್ದ ಆಕೆಯ ಪಾತ್ರೆಗಳನ್ನು ಆಮೇಲೆ ನಾನು ಗೋಣಿಚೀಲದಲ್ಲಿ ತುಂಬಿ ತಲುಪಿಸಿದೆ.

ಬಬಲೇಶ್ವರದ ಸಂತೆಯಲ್ಲಿ ಆಕೆ ಕಾಯಿಪಲ್ಯ ಮಾರಲು ಕೂತಳು. ಮೊದಮೊದಲು ಮಂದಿ ಮುಖ ನೋಡಿ ಮುಂದೆ ಹೋಗುತ್ತಿದ್ದರು. ವರ್ಷ ಕಳೆಯುವುದರೊಳಗೆ ಕಾಯಿ ಎಳೆಯದಾಗಿದ್ದರೆ ಸಾಕು ಎನ್ನುವಂತಾದರು. ನನ್ನ ಕೆಲಸ ಅಷ್ಟರಲ್ಲಿ ಕಾಯಂ ಆಗಿತ್ತು. ನಿಜ ಹೇಳಬೇಕೆಂದೇ ಒಂದು ಸಂತೆಯ ದಿನ ಹೋದೆ. ಆಕೆ ದೂರದಿಂದಲೇ ಕಂಡು ಕೈಬೀಸಿ ಕರೆದಳು. ಪಕ್ಕದಲ್ಲಿ ಉಳ್ಳಾಗಡ್ಡಿ ಮಾರುತ್ತಿದ್ದವಳ ಭುಜ ತಟ್ಟಿದಳು.

“ಹೇಳತಿದ್ದೆನಲ್ಲ, ತಿಕೋಟಾದಾಗ ನನ್ನ ಬಾಗಿಲಾ ತಗಸಿದವರು, ಇವರಽ ನೋಡು. ಉಳದವರೆಲ್ಲಾ ಗೊತ್ತಿದ್ದೂ ಸುಮ್ಮನಿದ್ರು. ಇವರೊಬ್ಬರು ಸುಮ್ಮನಿರಲಿಲ್ಲ.”

ಉಳ್ಳಾಗಡ್ಡಿಯವಳು ನನಗೆ ಕೈ ಮುಗಿದಳು.

“ಯಕ್ಕಾ, ಅವತ್ತು…” ಎಂದೆ.

ಆಕೆ ಆಗಲೇ ಎರಡೂ ಕೈತುಂಬ ಚವಳಿಕಾಯಿ ಎತ್ತಿಕೊಂಡಿದ್ದಳು. “ಚೀಲಾ ಸರಿಯಾಗಿ ಅಗಲ ಮಾಡಿ ಹಿಡೀರಿ ಸಾಹೇಬ್ರ, ಚೆಲ್ಲತಾವ,” ಎಂದಳು.

ಹಿಡಿದೆ.